ಲಂಡನ್‌ನಲ್ಲಿ ಸ್ಟ್ರಾಟೆಜಿ ಕನ್ಸಲ್ಟಿಂಗ್ ಕೆಲಸ: ತಯಾರಿ ಊರಲ್ಲೇ ಶುರುವಾಗಲಿ

ಬಿಕಾಂ, ಬಿಬಿಎ ಮುಗಿಸಿ ಒಂದು ವರ್ಷದ ಮಾಸ್ಟರ್ಸ್ ಓದಲು ಲಂಡನ್‌ಗೆ ಹೊರಡುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಲೆಕ್ಕಾಚಾರ ಹೀಗಿರುತ್ತದೆ: ಮೊದಲು ಕೋರ್ಸ್ ಸೇರೋಣ, ಊರಿಗೆ ಹೊಂದಿಕೊಳ್ಳೋಣ, ಎರಡನೇ ಸೆಮಿಸ್ಟರ್‌ನಲ್ಲಿ ಕೆಲಸ ಹುಡುಕೋಣ. ನಮ್ಮ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ನಡೆಯುವುದು ಕೊನೇ ವರ್ಷದಲ್ಲಿ ತಾನೇ, ಅದೇ ಅಭ್ಯಾಸ. ಸ್ಟ್ರಾಟೆಜಿ ಕನ್ಸಲ್ಟಿಂಗ್ ಮಟ್ಟಿಗೆ ಈ ಲೆಕ್ಕ ನಡೆಯುವುದಿಲ್ಲ. ಲಂಡನ್‌ನ ದೊಡ್ಡ ಸಂಸ್ಥೆಗಳು ಮುಂದಿನ ವರ್ಷ ಕೆಲಸಕ್ಕೆ ಸೇರುವವರಿಗಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಅರ್ಜಿ ಕರೆಯುತ್ತವೆ. ಬಹಳಷ್ಟು ಕಡೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಗಡುವು ಮುಗಿದಿರುತ್ತದೆ. ನಿಮ್ಮ ಕೋರ್ಸ್ ಶುರುವಾಗುವುದೇ ಸೆಪ್ಟೆಂಬರ್ ಕೊನೆಗೆ.

ಅಂದರೆ ಬ್ಯಾಂಕ್ ಖಾತೆ ತೆರೆದು, ಸಿಮ್ ಹಾಕಿಸಿಕೊಂಡು, ಅಕ್ಕಿ ಬೇಳೆ ಎಲ್ಲಿ ಸಿಗುತ್ತೆ ಅಂತ ತಿಳಿದುಕೊಳ್ಳುವಷ್ಟರಲ್ಲಿ ಅರ್ಧ ಅವಕಾಶ ಕೈತಪ್ಪಿರುತ್ತದೆ. ಬುದ್ಧಿವಂತ ಮಕ್ಕಳು ಇದೊಂದೇ ಕಾರಣಕ್ಕೆ ಹಿಂದೆ ಬೀಳುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಹಾಗಾಗಿ ಈ ಲೇಖನವನ್ನು ಕ್ಯಾಲೆಂಡರ್ ಹಿಡಿದೇ ಬರೆಯುತ್ತಿದ್ದೇನೆ. 2026ರ ಸೆಪ್ಟೆಂಬರ್‌ನಲ್ಲಿ ಕೋರ್ಸ್ ಸೇರುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಆಮೇಲೆ ಹೋಗುವವರು ತಿಂಗಳು ಹಾಗೇ ಇಟ್ಟು ವರ್ಷ ಮಾತ್ರ ಬದಲಿಸಿಕೊಳ್ಳಿ.

ಮೊದಲು, ಯಾವ ಕೆಲಸ ಅಂತ ಸ್ಪಷ್ಟ ಮಾಡಿಕೊಳ್ಳಿ

ಬೆಂಗಳೂರಿನಲ್ಲಿ 'ಕನ್ಸಲ್ಟೆಂಟ್' ಅಂದರೆ ಐಟಿ ಕಂಪನಿಯ ಒಂದು ಹುದ್ದೆ ಎಂದೇ ಬಹುಪಾಲು ಜನರ ತಿಳಿವಳಿಕೆ. ಸ್ಟ್ರಾಟೆಜಿ ಕನ್ಸಲ್ಟಿಂಗ್ ಬೇರೆ. 'ಲಾಭ ಯಾಕೆ ಇಳಿಯುತ್ತಿದೆ', 'ಈ ದೇಶಕ್ಕೆ ಕಾಲಿಡೋದಾ ಬೇಡ್ವಾ', 'ಆ ಕಂಪನಿಯನ್ನು ಕೊಂಡರೆ ನಮಗೆ ಗಿಟ್ಟುತ್ತದಾ' ಎಂಬಂಥ ಪ್ರಶ್ನೆ ಹಿಡಿದು ಕಂಪನಿಯೊಂದು ಬರುತ್ತದೆ. ನಾಲ್ಕೈದು ಜನರ ತಂಡ ಕೆಲವು ವಾರ ಅಂಕಿಅಂಶ ಜಾಲಾಡಿ, ಗಿರಾಕಿಗಳನ್ನು, ಆ ಕ್ಷೇತ್ರ ಬಲ್ಲವರನ್ನು ಮಾತಾಡಿಸಿ ಉತ್ತರ ಕೊಡುತ್ತದೆ. ಹೊಸಬರ ಪಾಲಿಗೆ ಬರುವುದು ಎಕ್ಸೆಲ್, ಸ್ಲೈಡ್, ಫೋನ್ ಸಂದರ್ಶನ ಮತ್ತು ತಡರಾತ್ರಿಗಳು.

ಎಲ್ಲರಿಗೂ ಗೊತ್ತಿರುವ ಮೂರು ಹೆಸರು ಮೆಕಿನ್ಸಿ (1926, ಷಿಕಾಗೊ), ಬಿಸಿಜಿ (1963, ಬಾಸ್ಟನ್), ಬೇನ್ (1973, ಬಾಸ್ಟನ್). ಈ ಮೂರಕ್ಕೆ ಅರ್ಜಿ ಹಾಕಿ ಸುಮ್ಮನಾಗುವವರೇ ಜಾಸ್ತಿ. ಲಂಡನ್‌ನಲ್ಲಿ ಇನ್ನೂ ಎಷ್ಟೋ ಇವೆ. 1983ರಲ್ಲಿ ಅಲ್ಲೇ ಹುಟ್ಟಿದ ಎಲ್‌ಇಕೆ, 1987ರ ಓಸಿ ಅಂಡ್ ಸಿ, ಜೊತೆಗೆ ಆಲಿವರ್ ವೈಮನ್, ಕೀರ್ನಿ, ರೋಲಂಡ್ ಬರ್ಗರ್, ಬೆಲೆ ನಿಗದಿ ವಿಷಯದಲ್ಲಿ ಹೆಸರಾದ ಸೈಮನ್ ಕುಚರ್. ಲೆಕ್ಕಪತ್ರದ ದೊಡ್ಡ ಸಂಸ್ಥೆಗಳ ಒಳಗೂ ಸ್ಟ್ರಾಟೆಜಿ ವಿಭಾಗಗಳಿವೆ: ಪಿಡಬ್ಲ್ಯುಸಿಯ ಸ್ಟ್ರಾಟೆಜಿ ಅಂಡ್, ಇವೈನ ಪಾರ್ಥೆನಾನ್, ಡೆಲಾಯ್ಟ್‌ನ ಮಾನಿಟರ್. ಇಲ್ಲಿ ಮಾತ್ರ ಜಾಹೀರಾತನ್ನು ಪೂರ್ತಿ ಓದಿ. 'ಮಾರುಕಟ್ಟೆ ಪ್ರವೇಶ', 'ಕಂಪನಿ ಖರೀದಿಗೆ ಮುಂಚಿನ ಪರಿಶೀಲನೆ' ಎಂದಿದ್ದರೆ ಅದು ನೀವು ಹುಡುಕುತ್ತಿರುವ ಕೆಲಸ. ಸ್ಯಾಪ್ ಸಾಫ್ಟ್‌ವೇರ್ ಅಳವಡಿಕೆ, ಪ್ರಾಜೆಕ್ಟ್ ನಿರ್ವಹಣೆ ಎಂದಿದ್ದರೆ ಅದೂ ಒಳ್ಳೆಯ ಕೆಲಸವೇ, ಆದರೆ ಬೇರೆ ದಾರಿ.

ಜರ್ಮನಿ, ಫ್ರಾನ್ಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಮ್ಯೂನಿಕ್‌ನಲ್ಲಿ ಈ ಕೆಲಸ ಮಾಡಲು ಗ್ರಾಹಕರ ಜೊತೆ ಸರಾಗವಾಗಿ ಜರ್ಮನ್ ಮಾತಾಡಬೇಕು, ಪ್ಯಾರಿಸ್‌ನಲ್ಲಿ ಫ್ರೆಂಚ್. ಎರಡು ವರ್ಷ ಭಾಷೆಗೆ ಕೊಡಲು ತಯಾರಿಲ್ಲದಿದ್ದರೆ ಇಂಗ್ಲಿಷ್ ನಡೆಯುವ ಲಂಡನ್, ಡಬ್ಲಿನ್, ದುಬೈ, ಸಿಂಗಪುರದ ಕಡೆ ನೋಡುವುದೇ ವಾಸಿ.

ವೀಸಾ ಲೆಕ್ಕವನ್ನು ಕೋರ್ಸ್ ಆರಿಸುವ ಮುಂಚೆ ಮಾಡಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ಇದೇ ಮೊದಲು ಬರಬೇಕು, ಯಾಕೆಂದರೆ ಮನೆಯವರು ಸಾಲ ಮಾಡುವುದು ಈ ಲೆಕ್ಕದ ಮೇಲೆ.

ಓದು ಮುಗಿಸಿದವರಿಗೆ ಬ್ರಿಟನ್ ಕೊಡುವ ಗ್ರಾಜುಯೇಟ್ ವೀಸಾ ಇಲ್ಲಿಯವರೆಗೆ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. 2026ರ ಸೆಪ್ಟೆಂಬರ್‌ನಲ್ಲಿ ಸೇರಿದವರ ಕೋರ್ಸ್ ಮುಗಿಯುವುದು 2027ರಲ್ಲಿ. ಹಾಗಾಗಿ ನಿಮಗೆ ಸಿಗುವುದು 18 ತಿಂಗಳೇ. ಈ ವೀಸಾದಲ್ಲಿ ಯಾವ ಕಂಪನಿಯ ಪ್ರಾಯೋಜಕತ್ವವೂ (ಸ್ಪಾನ್ಸರ್‌ಶಿಪ್, ಅಂದರೆ ಕಂಪನಿ ನಿಮ್ಮ ವೀಸಾಕ್ಕೆ ಹೊಣೆ ನಿಲ್ಲುವುದು) ಬೇಕಿಲ್ಲ, ಅದೇ ಅದರ ಅನುಕೂಲ.

ಆಮೇಲೆ ಬೇಕಾಗುವುದು ಕಂಪನಿಯ ಪ್ರಾಯೋಜಕತ್ವದ ಮೇಲೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾ. 2025ರ ಜುಲೈ 22ರಿಂದ ಇದಕ್ಕೆ ಸಾಮಾನ್ಯವಾಗಿ ಬೇಕಾದ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ವಿದ್ಯಾರ್ಥಿ ಅಥವಾ ಗ್ರಾಜುಯೇಟ್ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ, 26 ವರ್ಷದೊಳಗಿನವರಿಗೆ 'ನ್ಯೂ ಎಂಟ್ರೆಂಟ್' ಎಂಬ ರಿಯಾಯಿತಿ ಇದೆ. ಅದರಲ್ಲಿ ಸಂಬಳ 33,400 ಪೌಂಡ್‌ಗಿಂತ ಕಡಿಮೆ ಇರಬಾರದು, ಜೊತೆಗೆ ಆ ಹುದ್ದೆಗೆ ಸರ್ಕಾರ ಗೊತ್ತು ಮಾಡಿದ ದರದ 70%ರಷ್ಟಾದರೂ ಇರಬೇಕು. ಈ ರಿಯಾಯಿತಿ ಒಟ್ಟು ನಾಲ್ಕು ವರ್ಷಕ್ಕಷ್ಟೇ, ಮತ್ತು ಗ್ರಾಜುಯೇಟ್ ವೀಸಾದಲ್ಲಿ ಕಳೆದ ತಿಂಗಳುಗಳೂ ಅದರಲ್ಲೇ ಸೇರುತ್ತವೆ. ದೊಡ್ಡ ಸ್ಟ್ರಾಟೆಜಿ ಸಂಸ್ಥೆಗಳ ಆರಂಭದ ಸಂಬಳಕ್ಕೆ ಈ ಮಿತಿ ಅಡ್ಡ ಬರುವುದಿಲ್ಲ. ಚಿಕ್ಕ ಸಂಸ್ಥೆಗಳಲ್ಲಿ ಅಡ್ಡ ಬರಬಹುದು.

ಇದು ಬರೀ ಕಾಗದದ ಮೇಲಿನ ಅಪಾಯವಲ್ಲ. 2024ರ ಏಪ್ರಿಲ್‌ನಲ್ಲಿ ಈ ಮಿತಿ 26,200ರಿಂದ ಒಮ್ಮೆಗೇ 38,700 ಪೌಂಡ್‌ಗೆ ಏರಿದಾಗ, ಕೆಲವು ದೊಡ್ಡ ಸಂಸ್ಥೆಗಳು ವಿದೇಶಿ ಪದವೀಧರರಿಗೆ ಕೊಟ್ಟಿದ್ದ ಆಫರ್‌ಗಳನ್ನೇ ವಾಪಸ್ ಪಡೆದವು. ಸಹಿ ಹಾಕಿದ ಆಫರ್ ಕೈಯಲ್ಲಿದ್ದವರೂ ಮತ್ತೆ ಮೊದಲಿಂದ ಕೆಲಸ ಹುಡುಕಬೇಕಾಯಿತು. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತಿರುವುದರಿಂದ ಸರ್ಕಾರದ ಜಾಲತಾಣವನ್ನು ನೀವೇ ಆಗಾಗ ನೋಡುತ್ತಿರಿ.

ಅದೇ ತಾಣದಲ್ಲಿ ಪ್ರಾಯೋಜಕತ್ವದ ಪರವಾನಗಿ ಇರುವ ಕಂಪನಿಗಳ ಪೂರ್ತಿ ಪಟ್ಟಿ ಉಚಿತವಾಗಿ ಸಿಗುತ್ತದೆ. ಅರ್ಜಿ ಹಾಕುವ ಪ್ರತಿ ಸಂಸ್ಥೆಯ ಹೆಸರನ್ನೂ ಅದರಲ್ಲಿ ಹುಡುಕಿ. ಹೆಸರಿಲ್ಲದಿದ್ದರೆ ಅಲ್ಲಿ 18 ತಿಂಗಳು ಕೆಲಸ ಮಾಡಿ ಅನುಭವ ಗಳಿಸಬಹುದು, ಆಮೇಲೆ ಅವರು ನಿಮ್ಮನ್ನು ಉಳಿಸಿಕೊಳ್ಳಲಾರರು. 'ಸ್ಪಾನ್ಸರ್‌ಶಿಪ್ ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ' ಎನ್ನುವ ಏಜೆಂಟರ ಹತ್ತಿರವೂ ಸುಳಿಯಬೇಡಿ. ಪ್ರಾಯೋಜಕತ್ವವನ್ನು ದುಡ್ಡಿಗೆ ಮಾರುವುದು ಅಪರಾಧ, ಕೊಂಡವರ ವೀಸಾವೂ ಹೋಗುತ್ತದೆ.

ಇನ್ನೊಂದು ಚಿಕ್ಕ ವಿಷಯಕ್ಕೆ ಎಷ್ಟೋ ಜನ ಸಿಕ್ಕಿಬೀಳುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ಇರುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಪದವಿ ಓದುವವರಿಗೆ ಬೇಸಿಗೆ ರಜೆ ಇರುತ್ತದೆ. ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಬೇಸಿಗೆ ಎಂದರೆ ಪ್ರಬಂಧ ಬರೆಯುವ ಕಾಲ, ಸಾಮಾನ್ಯವಾಗಿ ಅದೂ ತರಗತಿಯ ಅವಧಿಯೇ. ಜೂನ್‌ನಲ್ಲಿ ಪೂರ್ಣಾವಧಿ ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮುಂಚೆ ವಿಶ್ವವಿದ್ಯಾಲಯದ ವೀಸಾ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಕೋರ್ಸ್ ಮತ್ತು ದುಡ್ಡು

ಈ ಸಂಸ್ಥೆಗಳು ನೇಮಕಾತಿಗೆ ಹೋಗುವ ಕಾಲೇಜುಗಳು ಬೆರಳೆಣಿಕೆಯಷ್ಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಎಲ್‌ಎಸ್‌ಇ, ಇಂಪೀರಿಯಲ್, ಲಂಡನ್ ಬಿಸಿನೆಸ್ ಸ್ಕೂಲ್, ಯುಸಿಎಲ್, ವಾರ್ವಿಕ್. ಬೇರೆ ಕಡೆ ಓದಿದವರು ಬರುವುದೇ ಇಲ್ಲ ಎಂದಲ್ಲ, ಆದರೆ ಅವರು ತಾವೇ ಬಾಗಿಲು ತಟ್ಟಬೇಕು. ಏಜೆಂಟ್ ತೋರಿಸುವ ಸುಲಭದ ಸೀಟಿಗೆ ಮರುಳಾಗುವ ಮುಂಚೆ ಒಂದು ಕೆಲಸ ಮಾಡಿ. ಲಿಂಕ್ಡ್‌ಇನ್‌ನಲ್ಲಿ ಆ ಕೋರ್ಸ್‌ನ ಹೆಸರು ಹಾಕಿ, ಕಳೆದ ಎರಡು ಮೂರು ವರ್ಷದಲ್ಲಿ ಮುಗಿಸಿದ ಭಾರತೀಯರು ಈಗ ಎಲ್ಲಿದ್ದಾರೆ ಎಂದು ನೋಡಿ. ಒಂದು ಸಂಜೆ ಸಾಕು. ಯಾವ ರ್‍ಯಾಂಕಿಂಗ್‌ಗಿಂತಲೂ ಇದು ನಿಜ ಹೇಳುತ್ತದೆ.

ಲಂಡನ್‌ನ ಹೆಸರಾಂತ ಬಿಸಿನೆಸ್ ಕೋರ್ಸ್‌ಗಳಲ್ಲಿ ಹಲವಕ್ಕೆ ಶುಲ್ಕವೇ 40,000 ಪೌಂಡ್ ದಾಟುತ್ತದೆ, ವಸತಿ ಊಟ ಬೇರೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದ ಹೆಸರು ಎಲ್ಲರೂ ಹೇಳುತ್ತಾರೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸಾಗಲೇಬೇಕು. ಅಲ್ಲೇ ಕೆಲಸ ಮಾಡಬೇಕೆನ್ನುವವರಿಗೆ ಅದು ಹೊಂದುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ನೆರವಾಗುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು ತಪ್ಪದೆ ವಿಚಾರಿಸಿ. ಅರ್ಹತೆ ಇದ್ದೂ ಗೊತ್ತಿಲ್ಲದೆ ಬಿಟ್ಟವರಿದ್ದಾರೆ. ಸಾಲ ಮಾಡುವವರಿಗೆ ನನ್ನ ಮಾತು ಇಷ್ಟೇ: ಕೆಲಸ ಸಿಗದೆ ಊರಿಗೆ ಬಂದರೆ ಬೆಂಗಳೂರಿನ ಸಂಬಳದಲ್ಲಿ ಕಂತು ಕಟ್ಟಬಹುದೇ? ಆಗುತ್ತದೆ ಎಂದಾದರೆ ಮಾತ್ರ ಮುಂದುವರಿಯಿರಿ. ಹೊಲ, ಮನೆ ಅಡವಿಟ್ಟು ಈ ಒಂದೇ ಕೆಲಸವನ್ನು ನಂಬಿ ಹೋಗುವುದು ಬೇಡ.

ಜನವರಿಯಿಂದ ಆಗಸ್ಟ್: ಊರಲ್ಲಿ ಕೂತು ಮಾಡುವ ಕೆಲಸ

ಸಿವಿ ಒಂದೇ ಪುಟ ಇರಬೇಕು. ಫೋಟೊ, ಅಪ್ಪನ ಹೆಸರು, ಹುಟ್ಟಿದ ದಿನಾಂಕ, 'ಈ ಮೂಲಕ ಘೋಷಿಸುತ್ತೇನೆ' ಎಂಬ ಸಾಲು ಯಾವುದೂ ಬೇಡ. ಅರ್ಜಿ ನಮೂನೆಯಲ್ಲಿ ಎ ಲೆವೆಲ್ (ಅಲ್ಲಿನ ಶಾಲೆಯ ಕೊನೇ ಪರೀಕ್ಷೆ) ಅಂಕ ಕೇಳುತ್ತಾರೆ. ಅಲ್ಲಿ ನಿಮ್ಮ ದ್ವಿತೀಯ ಪಿಯುಸಿ ಅಂಕ ಹಾಕಿ, 600ಕ್ಕೆ ಎಷ್ಟು ಎಂದು ಬರೆಯಿರಿ. ಪದವಿಯಲ್ಲಿ '2:1 ಅಥವಾ ಸಮಾನ' (2:1 ಅಂದರೆ ಬ್ರಿಟನ್‌ನ ಪದವಿಯ ಎರಡನೇ ಅತ್ಯುತ್ತಮ ದರ್ಜೆ) ಎಂದು ಕೇಳಿದರೆ ಸಾಮಾನ್ಯವಾಗಿ ನಮ್ಮ ಪ್ರಥಮ ದರ್ಜೆ ಸಾಕಾಗುತ್ತದೆ. ಸಿಜಿಪಿಎಯನ್ನು ನೀವೇ ಅವರ ಅಳತೆಗೆ ಬದಲಿಸಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೇ ಕೊಟ್ಟು, ತರಗತಿಯಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ಎಷ್ಟನೇ ಸ್ಥಾನ ಎಂದು ಪಕ್ಕದಲ್ಲಿ ಹೇಳಿ. ನಮ್ಮ ವಿಶ್ವವಿದ್ಯಾಲಯಗಳ 75% ಎಷ್ಟು ಕಷ್ಟದ್ದು ಅಂತ ಲಂಡನ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಸ್ಥಾನ ಹೇಳಿದರೆ ಅರ್ಥವಾಗುತ್ತದೆ.

ಸಿವಿಯಲ್ಲಿ ನಮ್ಮವರು ನಿಜವಾದ ಅನುಭವವನ್ನೇ ಬಿಟ್ಟುಬಿಡುತ್ತಾರೆ. ದಾವಣಗೆರೆಯಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ಇರುವ ಹುಡುಗಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಅವಳ ಸಿವಿಯಲ್ಲಿ ಇರುವುದು: 'ಒಂದು ಖಾಸಗಿ ಸಂಸ್ಥೆಯಲ್ಲಿ ಮಾರ್ಕೆಟಿಂಗ್ ಇಂಟರ್ನ್, ಸಂಶೋಧನೆಯಲ್ಲಿ ನೆರವಾದೆ.' ಇದನ್ನು ಓದಿದರೆ ಏನೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಅವಳು ಮಾಡಿದ್ದನ್ನು ಬರೆದರೆ ಹೀಗಾಗುತ್ತದೆ: '140 ಉದ್ರಿ ಗಿರಾಕಿಗಳ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ. ಬಾಕಿ ಎಷ್ಟು ದಿನದಿಂದ ನಿಂತಿದೆ ಎಂದು ವಿಂಗಡಿಸಿ, ಮೊದಲು ಯಾರನ್ನು ಕೇಳಬೇಕು ಎಂದು ಗೊತ್ತು ಮಾಡಿದೆ. ಸರಾಸರಿ ವಸೂಲಿ ಅವಧಿ 75 ದಿನದಿಂದ 50 ದಿನಕ್ಕೆ ಇಳಿಯಿತು.' ಕನ್ಸಲ್ಟಿಂಗ್ ಅಂದರೆ ಇದೇ ಕೆಲಸ ಅಲ್ವಾ! ಸಮಸ್ಯೆ ಇತ್ತು, ಅದನ್ನು ಬಿಡಿಸಿದಳು, ಫಲ ಅಂಕಿಯಲ್ಲಿ ಕಾಣುತ್ತಿದೆ. ಒಂದೇ ಷರತ್ತು: ಅಂಕಿ ನಿಮ್ಮದೇ, ನಿಜವಾದದ್ದೇ ಆಗಿರಬೇಕು. ಸಂದರ್ಶನದಲ್ಲಿ ಆ ಸಾಲಿನ ಮೇಲೆ ಹತ್ತು ನಿಮಿಷ ಕೆದಕಿ ಕೇಳುತ್ತಾರೆ.

ಅದೇ ತಿಂಗಳುಗಳಲ್ಲಿ ಬಾಯಿಲೆಕ್ಕವನ್ನು ಚುರುಕು ಮಾಡಿಕೊಳ್ಳಿ. ನಮಗೆ ಇಲ್ಲೊಂದು ತೊಡಕಿದೆ, ಲಕ್ಷ ಕೋಟಿ. 10 ಲಕ್ಷ ಅಂದರೆ 1 ಮಿಲಿಯನ್, 1 ಕೋಟಿ ಅಂದರೆ 10 ಮಿಲಿಯನ್, 100 ಕೋಟಿ ಅಂದರೆ 1 ಬಿಲಿಯನ್. ಗೊತ್ತಿರುವ ವಿಷಯವೇ, ಆದರೆ ಸಂದರ್ಶನದಲ್ಲಿ ಎದುರಿಗೆ ಪಾರ್ಟ್‌ನರ್ (ಸಂಸ್ಥೆಯ ಹಿರಿಯ ಪಾಲುದಾರರು) ಕೂತಿರುವಾಗ ತಲೆಯೊಳಗೆ ಭಾಷಾಂತರ ಮಾಡುತ್ತಾ ಕೂತರೆ ಒಂದು ಸೊನ್ನೆ ಜಾರಿಹೋಗುತ್ತದೆ. ಲೆಕ್ಕವನ್ನೇ ಮಿಲಿಯನ್‌ನಲ್ಲಿ ಮಾಡಿ ರೂಢಿಸಿಕೊಳ್ಳಿ. ಕೆಲವು ಅಂಕಿ ಬಾಯಿಗೆ ಬರಬೇಕು: ಬ್ರಿಟನ್‌ನ ಜನಸಂಖ್ಯೆ ಸುಮಾರು 69 ಮಿಲಿಯನ್, ಮನೆಗಳು ಸುಮಾರು 28 ಮಿಲಿಯನ್, ಲಂಡನ್‌ನ ಜನ ಸುಮಾರು 9 ಮಿಲಿಯನ್.

ಮೇ ತಿಂಗಳಿಂದ ಕೇಸ್ ಅಭ್ಯಾಸ ಶುರು ಮಾಡಿ. ಕೇಸ್ ಅಂದರೆ ಕಂಪನಿಯೊಂದರ ಸಮಸ್ಯೆ ಕೊಟ್ಟು ಸಂದರ್ಶನದಲ್ಲೇ ಬಿಡಿಸಲು ಹೇಳುವ ಪ್ರಶ್ನೆ. ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳ ಕನ್ಸಲ್ಟಿಂಗ್ ಕ್ಲಬ್‌ಗಳು ಮಾಡಿದ ಕೇಸ್ ಸಂಗ್ರಹಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಕೋಚಿಂಗ್ ಬೇಕಿಲ್ಲ. ಬೇಕಾದದ್ದು ಒಬ್ಬ ಜೊತೆಗಾರ. ಅದೇ ಕೋರ್ಸ್‌ಗೆ ಹೊರಟವರು ವಾಟ್ಸಾಪ್ ಗುಂಪಿನಲ್ಲಿ ಸಿಕ್ಕೇ ಸಿಗುತ್ತಾರೆ. ವಾರಕ್ಕೆ ಮೂರು ಸಂಜೆ, ಒಬ್ಬರು ಕೇಳುವವರು, ಒಬ್ಬರು ಬಿಡಿಸುವವರು. ಓದಿ ಅರ್ಥ ಮಾಡಿಕೊಂಡರೆ ಸಾಲದು, ಬಾಯಿಬಿಟ್ಟು ಇಂಗ್ಲಿಷ್‌ನಲ್ಲಿ ಹೇಳಬೇಕು.

ಕೇಸ್ ಹೇಗಿರುತ್ತದೆ, ಒಂದನ್ನು ಬಿಡಿಸಿ ನೋಡೋಣ

ಸಂದರ್ಶನಕಾರರು ಹೇಳುತ್ತಾರೆ: 'ನಮ್ಮ ಗ್ರಾಹಕರಿಗೆ ಬ್ರಿಟನ್‌ನಲ್ಲಿ 40 ಜಿಮ್‌ಗಳಿವೆ. ಕಳೆದ ವರ್ಷ ಲಾಭ 6 ಮಿಲಿಯನ್ ಪೌಂಡ್ ಇತ್ತು, ಈ ವರ್ಷ 3 ಮಿಲಿಯನ್. ಏನು ಮಾಡಬೇಕು?'

ತಕ್ಷಣ ಉತ್ತರಕ್ಕೆ ಹಾರಬೇಡಿ. ಒಂದು ನಿಮಿಷ ಸಮಯ ಕೇಳಿ, ಕೊಡುತ್ತಾರೆ. ಲಾಭ ಇಳಿದರೆ ಒಂದೋ ಆದಾಯ ಇಳಿದಿದೆ, ಇಲ್ಲವೇ ಖರ್ಚು ಏರಿದೆ. ಆದಾಯ ಅಂದರೆ ಸದಸ್ಯರ ಸಂಖ್ಯೆ ಮತ್ತು ಮಾಸಿಕ ಶುಲ್ಕ. ಖರ್ಚು ಅಂದರೆ ಬಾಡಿಗೆ, ಸಿಬ್ಬಂದಿ, ವಿದ್ಯುತ್, ಉಪಕರಣ. ಹೀಗೆ ಒಂದರ ಮೇಲೊಂದು ಬೀಳದಂತೆ, ಏನೂ ಬಿಟ್ಟುಹೋಗದಂತೆ ಪ್ರಶ್ನೆಯನ್ನು ಹೋಳು ಮಾಡುವುದಕ್ಕೆ ಈ ವೃತ್ತಿಯಲ್ಲಿ 'ಮೀಸಿ' ಎನ್ನುತ್ತಾರೆ. 1960ರ ದಶಕದಲ್ಲಿ ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೊ ಬಳಕೆಗೆ ತಂದ ಪದ ಅದು.

ಈಗ ಕೇಳುತ್ತಾ ಹೋಗಿ. ಖರ್ಚು ಎರಡೂ ವರ್ಷ 27 ಮಿಲಿಯನ್, ಬದಲಾಗಿಲ್ಲ. ಶುಲ್ಕ ತಿಂಗಳಿಗೆ 25 ಪೌಂಡ್, ಅದೂ ಬದಲಾಗಿಲ್ಲ. ಸದಸ್ಯರು 1,10,000 ಇದ್ದವರು 1,00,000 ಆಗಿದ್ದಾರೆ. 10,000 ಜನ, ವರ್ಷಕ್ಕೆ ತಲಾ 300 ಪೌಂಡ್: ಸರಿಯಾಗಿ 3 ಮಿಲಿಯನ್. ಕಳೆದುಹೋದ ದುಡ್ಡು ಪೂರ್ತಿ ಸಿಕ್ಕಿತು. ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿ: ಎಲ್ಲ ಜಿಮ್‌ಗಳಲ್ಲೂ ಇಳಿದಿದೆಯಾ? ಉತ್ತರ ಬರುತ್ತದೆ: ಇಲ್ಲ, 8 ಜಿಮ್‌ಗಳಲ್ಲಿ ಮಾತ್ರ. ಅಲ್ಲಿ ತಲಾ 2,750 ಇದ್ದವರು 1,500ಕ್ಕೆ ಇಳಿದಿದ್ದಾರೆ. ಆ ಎಂಟರ ಹತ್ತಿರವೂ ದಿನದ 24 ಗಂಟೆ ತೆರೆದಿರುವ ಅಗ್ಗದ ಜಿಮ್ ಬಂದಿದೆ.

ಆಗ ಸಂದರ್ಶನಕಾರರು ಬಲೆ ಬೀಸುತ್ತಾರೆ: 'ಹಾಗಾದರೆ ಶುಲ್ಕವನ್ನು 3 ಪೌಂಡ್ ಇಳಿಸೋಣವೇ?' ಲೆಕ್ಕ ಹಾಕಿ. ಎಲ್ಲ ಕಡೆ ಇಳಿಸಿದರೆ 1,00,000 ಜನ, ತಲಾ ವರ್ಷಕ್ಕೆ 36 ಪೌಂಡ್, ಒಟ್ಟು 3.6 ಮಿಲಿಯನ್. ಉಳಿದಿರುವ ಲಾಭವೇ 3 ಮಿಲಿಯನ್. ಕಂಪನಿ ನಷ್ಟಕ್ಕೆ ಬೀಳುತ್ತದೆ. ಆ ಎಂಟರಲ್ಲಿ ಮಾತ್ರ ಇಳಿಸಿದರೆ? ಅಲ್ಲಿ ಈಗ 12,000 ಸದಸ್ಯರು, ಬಿಟ್ಟುಕೊಡುವುದು 4,32,000 ಪೌಂಡ್. ಹೊಸ ಶುಲ್ಕ 22 ಪೌಂಡ್‌ನಂತೆ ಒಬ್ಬ ಸದಸ್ಯರಿಂದ ವರ್ಷಕ್ಕೆ 264 ಪೌಂಡ್ ಬರುತ್ತದೆ. ಹಾಗಾಗಿ ಸುಮಾರು 1,640 ಜನ, ಅಂದರೆ ಜಿಮ್ ಒಂದಕ್ಕೆ 205 ಜನ ವಾಪಸ್ ಬಂದರೆ ಅಸಲು ಹುಟ್ಟುತ್ತದೆ. ಬಿಟ್ಟುಹೋದದ್ದು ಜಿಮ್‌ಗೆ 1,250 ಜನ. ಅದರಲ್ಲಿ ಆರನೇ ಒಂದು ಭಾಗ ವಾಪಸ್ ತರುವುದು ಸಾಧ್ಯ ಅನಿಸುತ್ತದೆ. ಆದರೆ ಜನ ಹೋದದ್ದು ಬೆಲೆಗಾ, ವೇಳೆಗಾ? ವೇಳೆಗೆ ಹೋಗಿದ್ದರೆ ಬೆಲೆ ಇಳಿಸಿ ಪ್ರಯೋಜನವಿಲ್ಲ. ಹಾಗಾಗಿ ನಿಮ್ಮ ಸಲಹೆ: 'ಎಂಟರಲ್ಲಿ ಎರಡು ಕಡೆ ಬೆಲೆ ಇಳಿಸಿ, ಎರಡು ಕಡೆ ವೇಳೆ ಹೆಚ್ಚಿಸಿ, ಮೂರು ತಿಂಗಳು ನೋಡಿ. ಅದಕ್ಕೂ ಮುಂಚೆ ಬಿಟ್ಟುಹೋದ ಸದಸ್ಯರಿಗೆ ಫೋನ್ ಮಾಡಿ ಕೇಳಿ.'

ಸಂದರ್ಶನಕಾರರು ನೋಡುವುದು ಇದನ್ನೇ. ಲೆಕ್ಕ ತಪ್ಪಬಾರದು ನಿಜ, ಆದರೆ ಬಂದ ಅಂಕಿಯನ್ನು ಹಿಡಿದು 'ಹಾಗಾದರೆ ಏನು?' ಎಂದು ನಿಮ್ಮನ್ನೇ ಕೇಳಿಕೊಳ್ಳುತ್ತೀರಾ ಎಂಬುದು ಮುಖ್ಯ. ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಸಂದರ್ಶನಕಾರರೇ ಪ್ರಶ್ನೆಯಿಂದ ಪ್ರಶ್ನೆಗೆ ಕರೆದೊಯ್ಯುತ್ತಾರೆ. ಬಿಸಿಜಿ, ಬೇನ್‌ನಲ್ಲಿ ಹೆಚ್ಚಾಗಿ ನೀವೇ ಮುನ್ನಡೆಸಬೇಕು. ಎರಡು ಬಗೆಯಲ್ಲೂ ಅಭ್ಯಾಸ ಇರಲಿ.

ಆಗಸ್ಟ್‌ನಿಂದ ನವೆಂಬರ್: ಅರ್ಜಿ, ಪರಿಚಯ, ಪರೀಕ್ಷೆ

ವಿಮಾನ ಹತ್ತುವ ಹೊತ್ತಿಗೆ ಸಿವಿ, ಕವರ್ ಲೆಟರ್ ಸಿದ್ಧವಿರಬೇಕು. ಹಲವು ಸಂಸ್ಥೆಗಳು ಗಡುವಿನವರೆಗೆ ಕಾಯದೆ ಬಂದ ಹಾಗೆ ಅರ್ಜಿ ನೋಡುತ್ತಾ ಹೋಗುತ್ತವೆ, ಹಾಗಾಗಿ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಮ್ಮೆ ತಿರಸ್ಕರಿಸಿದರೆ ಅದೇ ಸಂಸ್ಥೆಗೆ ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಒಂದೆರಡು ವರ್ಷ ಕಾಯಬೇಕು. ಸಂದರ್ಶನದ ದಿನ ಆರಿಸುವ ಅವಕಾಶ ಸಿಕ್ಕರೆ ನಿಮಗೆ ತೀರಾ ಇಷ್ಟವಾದ ಸಂಸ್ಥೆಯನ್ನು ಮೊದಲು ಇಟ್ಟುಕೊಳ್ಳಬೇಡಿ. ಬೇರೆ ಒಂದೆರಡರಲ್ಲಿ ಪಳಗಿ ಹೋಗಿ.

ಪರಿಚಯ ಮಾಡಿಕೊಳ್ಳುವುದು ನಮ್ಮವರಿಗೆ ಸಂಕೋಚದ ವಿಷಯ. ಶಿಫಾರಸು ಬೇಡಿದಂತೆ ಅನಿಸುತ್ತದೆ. ಅಲ್ಲಿ ಅದು ಮಾಮೂಲು. ಬೆಂಗಳೂರು, ಮೈಸೂರು, ಮಂಗಳೂರಿನ ನಿಮ್ಮ ಹಳೇ ಕಾಲೇಜಿನ ಹೆಸರು ಹಾಕಿ, ಲಂಡನ್‌ನಲ್ಲಿ ಈ ಸಂಸ್ಥೆಗಳಲ್ಲಿರುವವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. 'ರೆಸ್ಪೆಕ್ಟೆಡ್ ಸರ್' ಎಂದು ಶುರು ಮಾಡಿ ಅರ್ಧ ಪುಟ ಬರೆಯಬೇಡಿ. ಮೊದಲ ಹೆಸರು ಹಿಡಿದು ನಾಲ್ಕೇ ಸಾಲು ಸಾಕು: ನಾನು ಇಂಥ ಕಾಲೇಜಿನವಳು, ಈಗ ಇಂಥ ಕೋರ್ಸ್ ಓದುತ್ತಿದ್ದೇನೆ, ನೀವು ರಿಟೇಲ್ ಕ್ಷೇತ್ರದಲ್ಲಿ ಕೆಲಸ ಮಾಡಿದ್ದನ್ನು ನೋಡಿದೆ, 15 ನಿಮಿಷ ಮಾತಾಡಲು ಆಗುತ್ತದಾ? ಮಾತಾಡುವಾಗ 'ರೆಫರ್ ಮಾಡಿ' ಎಂದು ಕೇಳಬೇಡಿ. ಅವರ ಈಗಿನ ದಿನ ಹೇಗಿರುತ್ತದೆ, ಹೊಸಬರು ಎಲ್ಲಿ ಎಡವುತ್ತಾರೆ, ಆ ಕಚೇರಿ ಬೇರೆಯವಕ್ಕಿಂತ ಹೇಗೆ ಭಿನ್ನ ಎಂದು ಕೇಳಿ. ಮಾತು ಚೆನ್ನಾಗಿ ನಡೆದರೆ ಅವರೇ ರೆಫರ್ ಮಾಡುತ್ತೇನೆ ಎನ್ನುತ್ತಾರೆ. ಮರುದಿನ ಧನ್ಯವಾದ ಹೇಳಿ ಎರಡು ಸಾಲು ಬರೆಯಿರಿ. ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಕಾರ್ಯಕ್ರಮಗಳಿಗೂ ಹೋಗಿ. ಅಲ್ಲಿ ಕನ್ಸಲ್ಟಿಂಗ್‌ನವರಿಗಿಂತ ವೈದ್ಯರು, ಐಟಿಯವರು ಜಾಸ್ತಿ ಸಿಗಬಹುದು, ಆದರೆ ಬಾಡಿಗೆ ಮನೆಯಿಂದ ಹಿಡಿದು ಮನಸ್ಸು ಹಗುರ ಮಾಡಿಕೊಳ್ಳುವವರೆಗೆ ಅವರ ನೆರವು ದೊಡ್ಡದು.

ಅರ್ಜಿ ಪಾಸಾದರೆ ಆನ್‌ಲೈನ್ ಪರೀಕ್ಷೆ. ಮೆಕಿನ್ಸಿಯದು 'ಸಾಲ್ವ್' ಎಂಬ ಆಟದ ರೂಪದ ಪರೀಕ್ಷೆ, ಬಿಸಿಜಿಯಲ್ಲಿ 'ಕೇಸಿ' ಎಂಬ ಚಾಟ್‌ಬಾಟ್ ಕೇಸ್ ಕೇಳುತ್ತದೆ. ಬೇರೆಡೆ ಅಂಕಿ, ಪಟ್ಟಿ ಓದುವ ಪ್ರಶ್ನೆಗಳು. ನೆಟ್ ಕೈಕೊಡದ, ಯಾರೂ ಬಾಗಿಲು ತಟ್ಟದ ಜಾಗ ನೋಡಿಕೊಂಡು ಕೂರಿ. ಹಂಚಿಕೊಂಡ ಮನೆಯ ಅಡುಗೆಕೋಣೆ ಬೇಡ.

ಆಮೇಲೆ ಸಾಮಾನ್ಯವಾಗಿ ಎರಡು ಸುತ್ತು ಸಂದರ್ಶನ. ಕೊನೇ ಸುತ್ತಿನಲ್ಲಿ ಪಾರ್ಟ್‌ನರ್‌ಗಳೇ ಇರುತ್ತಾರೆ. ಪ್ರತಿ ಸಂದರ್ಶನದಲ್ಲೂ ಕೇಸ್ ಜೊತೆಗೆ ನಿಮ್ಮ ಬದುಕಿನ ಪ್ರಶ್ನೆಗಳೂ ಬರುತ್ತವೆ: ಒಪ್ಪದವರನ್ನು ಒಪ್ಪಿಸಿದ್ದು ಯಾವಾಗ, ಕಷ್ಟದ ತಂಡವನ್ನು ನಡೆಸಿದ್ದು ಹೇಗೆ. ನಾವು ಬೆಳೆದ ರೀತಿಯಲ್ಲಿ 'ನಾನು ಮಾಡಿದೆ' ಎಂದು ಹೇಳಿಕೊಳ್ಳುವುದು ಜಂಬದಂತೆ ಕೇಳುತ್ತದೆ, ಹಾಗಾಗಿ ಕಾಲೇಜು ಫೆಸ್ಟ್‌ನ ಕಥೆಯನ್ನೆಲ್ಲ ತಂಡದ ಹೆಸರಿನಲ್ಲಿ ಹೇಳಿ ಮುಗಿಸುತ್ತೇವೆ. ಕೇಳುವವರಿಗೆ ನಿಮ್ಮ ಪಾಲು ಎಷ್ಟು ಎಂದೇ ತಿಳಿಯುವುದಿಲ್ಲ. ಪ್ರಾಯೋಜಕರು ಕೈಕೊಟ್ಟಾಗ ನೀವು ಯಾರಿಗೆ ಫೋನ್ ಮಾಡಿದಿರಿ, ಏನು ಹೇಳಿದಿರಿ, ಅವರೇನು ಅಂದರು, ನೀವೇನು ಮರುಮಾತಾಡಿದಿರಿ, ಅಷ್ಟು ವಿವರವಾಗಿ ಹೇಳಿ. ಇಂಥ ನಾಲ್ಕು ಕಥೆ ಸಿದ್ಧವಿದ್ದರೆ ಸಾಕು.

ಮೊದಲ ಸಲ ಆಗದಿದ್ದರೆ

ಹೆಚ್ಚಿನವರಿಗೆ ಮೊದಲ ಸಲ ಆಗುವುದಿಲ್ಲ. ಅದು ದಾರಿಯ ಕೊನೆಯಲ್ಲ.

ಜನವರಿಯಿಂದ ಚಿಕ್ಕ ಸಂಸ್ಥೆಗಳ ಕಡೆ ತಿರುಗಿ. ಅವು ವರ್ಷವಿಡೀ ಬೇಕಾದ ಹಾಗೆ ಜನರನ್ನು ತೆಗೆದುಕೊಳ್ಳುತ್ತವೆ. ಕಂಪನಿ ಖರೀದಿಗೆ ಮುಂಚೆ ಹೂಡಿಕೆದಾರರ ಪರವಾಗಿ ಮಾರುಕಟ್ಟೆ ಪರಿಶೀಲಿಸುವ ಸಂಸ್ಥೆಗಳಲ್ಲಿ ಒಂದೂವರೆ ವರ್ಷ ಕಳೆದರೂ ಕೈ ಪಳಗುತ್ತದೆ. ದೊಡ್ಡ ಕಂಪನಿಗಳ ಒಳಗಿನ ಸ್ಟ್ರಾಟೆಜಿ ತಂಡಗಳನ್ನೂ ನೋಡಿ.

ದುಬೈ, ರಿಯಾದ್ ಇನ್ನೊಂದು ದಾರಿ. ಸೌದಿ ಅರೇಬಿಯಾ 2016ರಲ್ಲಿ ವಿಷನ್ 2030 ಎಂಬ ಆರ್ಥಿಕ ಸುಧಾರಣೆಯ ಯೋಜನೆ ಘೋಷಿಸಿದ ಮೇಲೆ ಆ ಪ್ರದೇಶದಲ್ಲಿ ಈ ಕೆಲಸ ಬಹಳ ಬೆಳೆಯಿತು. ಅರೇಬಿಕ್ ಬಂದರೆ ಅನುಕೂಲ, ಬರದಿದ್ದರೂ ಕೆಲಸ ಮಾಡುವವರಿದ್ದಾರೆ. ವೀಸಾ ಕಂಪನಿಯೇ ಮಾಡಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಅನುಭವ ಇದ್ದವರಿಗೆ ಅಲ್ಲಿ ಬೇಡಿಕೆ.

ಮೆಕಿನ್ಸಿ, ಬಿಸಿಜಿ, ಬೇನ್ ಮೂರಕ್ಕೂ ಬೆಂಗಳೂರಿನಲ್ಲೇ ಕಚೇರಿಗಳಿವೆ. ಇಲ್ಲಿ ಸೇರಿ ಆಮೇಲೆ ಹೊರದೇಶದ ಕಚೇರಿಗೆ ವರ್ಗಾವಣೆ ಪಡೆಯುವುದು ಎಲ್ಲಕ್ಕಿಂತ ಕಡಿಮೆ ಸಾಲದ ದಾರಿ. ಆದರೆ ಗ್ರಾಹಕರ ಜೊತೆ ನೇರವಾಗಿ ಕೆಲಸ ಮಾಡುವ ತಂಡ ಬೇರೆ, ಹಿಂದೆ ಕೂತು ಸಂಶೋಧನೆ ಒದಗಿಸುವ ಕೇಂದ್ರ ಬೇರೆ. ಎರಡನೆಯದರಿಂದ ಮೊದಲನೆಯದಕ್ಕೆ ಹೋಗುವುದು ತಾನಾಗೇ ಆಗುವುದಿಲ್ಲ. ಸೇರುವ ಮುಂಚೆ, ಹಾಗೆ ಹೋದವರು ಎಷ್ಟು ಜನ ಎಂದು ನೇರವಾಗಿ ಕೇಳಿ.

ಭಾರತದಲ್ಲೇ ಇದ್ದು ಬ್ರಿಟನ್‌ನಲ್ಲಿ ಒಂದು ಕೈ ನೋಡಬೇಕೆನ್ನುವವರಿಗೆ ಇಂಡಿಯಾ ಯಂಗ್ ಪ್ರೊಫೆಶನಲ್ಸ್ ವೀಸಾ ಇದೆ. 18ರಿಂದ 30 ವರ್ಷದ ಪದವೀಧರರಿಗೆ ವರ್ಷಕ್ಕೆ 3,000 ವೀಸಾ, ಲಾಟರಿ ಮೂಲಕ. ಸಾಮಾನ್ಯವಾಗಿ ಫೆಬ್ರವರಿ ಮತ್ತು ಜುಲೈನಲ್ಲಿ ಎರಡು ದಿನ ತೆರೆಯುತ್ತದೆ. ಲಾಟರಿಗೆ ಹೆಸರು ಕೊಡಲು ದುಡ್ಡಿಲ್ಲ. ಆಯ್ಕೆಯಾದರೆ 2,530 ಪೌಂಡ್ ಉಳಿತಾಯ ತೋರಿಸಬೇಕು. ಎರಡು ವರ್ಷ ಇದ್ದು ಕೆಲಸ ಮಾಡಬಹುದು.

ಆಫರ್ ಬಂದ ದಿನ

ಮನೆಗೆ ಫೋನ್ ಮಾಡಿ, ಖುಷಿಪಡಿ. ಮರುದಿನ ಬೆಳಿಗ್ಗೆ ನೇಮಕಾತಿಯವರಿಗೆ ಇಮೇಲ್ ಬರೆದು ಕೆಲವು ವಿಷಯ ಬರಹದಲ್ಲಿ ತರಿಸಿಕೊಳ್ಳಿ: ಸ್ಕಿಲ್ಡ್ ವರ್ಕರ್ ವೀಸಾಗೆ ಯಾವ ತಿಂಗಳಲ್ಲಿ ಪ್ರಾಯೋಜಕತ್ವ ಕೊಡುತ್ತಾರೆ, ಸಂಬಳದ ಮಿತಿ ಅಷ್ಟರೊಳಗೆ ಏರಿದರೆ ಏನು ಮಾಡುತ್ತಾರೆ, ವೀಸಾ ಶುಲ್ಕ ಮತ್ತು ಆರೋಗ್ಯ ಶುಲ್ಕ ಯಾರು ಕಟ್ಟುತ್ತಾರೆ, ಸೇರುವ ದಿನಾಂಕ ಮುಂದಕ್ಕೆ ಹೋಗುವ ಸಾಧ್ಯತೆ ಇದೆಯಾ. ಇತ್ತೀಚಿನ ವರ್ಷಗಳಲ್ಲಿ ಸೇರುವ ದಿನವನ್ನು ತಿಂಗಳುಗಟ್ಟಲೆ ಮುಂದೂಡಿದ ಸಂಸ್ಥೆಗಳಿವೆ. 18 ತಿಂಗಳ ವೀಸಾದಲ್ಲಿ ಆರು ತಿಂಗಳು ಕಾದು ಕೂತರೆ ಮೂರನೇ ಒಂದು ಭಾಗ ಹೋಯಿತು. ಮುಂದೂಡುವ ಸೂಚನೆ ಇದ್ದರೆ, ಗ್ರಾಜುಯೇಟ್ ವೀಸಾ ತೆಗೆದುಕೊಳ್ಳದೆ ವಿದ್ಯಾರ್ಥಿ ವೀಸಾದಿಂದ ನೇರವಾಗಿ ಸ್ಕಿಲ್ಡ್ ವರ್ಕರ್‌ಗೆ ಬದಲಾಗುವುದು ಅನುಕೂಲವೇ ಎಂದು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರ ಹತ್ತಿರ ಕೂತು ಲೆಕ್ಕ ಹಾಕಿ. ಆ ಸಲಹೆಗೆ ದುಡ್ಡಿಲ್ಲ, ಕೋರ್ಸ್ ಮುಗಿಯುವ ಮುಂಚೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.